ಬೈಗುಳದಷ್ಟು ಉಸಿರು

ಮೆಟ್ಟಿಲ ಮೇಲೆ ಕೂತೆ ಅನ್ನುವ ಕಾರಣಕ್ಕೆ ನನ್ನ ಗಂಡ ನನ್ನನ್ನು ಒದ್ದ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕೊಟ್ಟೂರಿನಲ್ಲಿ ನಾವು ಮಾಳಿಗೆ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು, ನಲ್ಲಿ ಕೆಳಗೆ ಬೀದಿಯಲ್ಲಿತ್ತು. ತುಂಬಿದ ಕೊಡ ಹೊತ್ತು ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆಯೊಳಗೆ ಯಾರೋ ಬಾಗಿಲು ಹಾಕಿ ಅಗಳಿ ಜಡಿದಂತಾಗುತ್ತಿತ್ತು. ಅವತ್ತು ಕೊಡ ಇಳಿಸಿ ಕೂತೇಬಿಟ್ಟೆ. ಅವನು ಮೇಲಿನಿಂದ ಇಳಿದು ಬಂದ.

"ಏನ್ಲೇ, ದಿನಾ ಇದ ನಾಟಕ ಏನು ನಿಂದು?" ಅಂದ.

ಬಾಯಿ ತೆರೆದೆ. ಮಾತು ಬರಲಿಲ್ಲ, ಬರೀ ಗಾಳಿ ಬಂತು. ಉತ್ತರ ಕೊಡದ ಸೊಕ್ಕು ಅಂದುಕೊಂಡು ಕಾಲೆತ್ತಿದ. ಕೊಡದ ಜೊತೆ ನಾನೂ ಬೀದಿಯ ತನಕ ಉರುಳಿದೆ. ಒದೆತ ಬಿಡಿ, ತಿರುಗಿ ಬೈಯಲಾಗಲಿಲ್ಲವಲ್ಲ, ಅದು ನನ್ನನ್ನು ಸುಟ್ಟುಹಾಕಿತು. ನನ್ನ ಬಾಯಿ ಅಂದರೆ ತವರೂರು ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಓಣಿಗೆ ಓಣಿಯೇ ಹೆದರುತ್ತಿತ್ತು. ಗಂಡು ಹುಡುಗರು ನನ್ನ ತಂಟೆಗೆ ಬರುತ್ತಿರಲಿಲ್ಲ. ಅಂಥವಳು ಮೆಟ್ಟಿಲ ಬುಡದಲ್ಲಿ ಒದ್ದೆ ಸೀರೆಯಲ್ಲಿ ಬಿದ್ದು ಮೀನಿನ ಹಾಗೆ ಬಾಯಿ ಆಡಿಸುತ್ತಿದ್ದೆ.

ಆ ಬಾಯಿ ನನಗೆ ಬಂದದ್ದು ಅಪ್ಪನಿಂದ. ಅಪ್ಪ ನಮ್ಮೂರಿನ ಗರಡಿಮನೆಯ ಉಸ್ತಾದ, ಹುಡುಗರಿಗೆ ಕುಸ್ತಿ ಕಲಿಸುವವನು. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ನಾವಿಬ್ಬರೇ, ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಅವನ ಕೈಯಲ್ಲಿ ಸದಾ ಒಂದು ಬಿದಿರಿನ ಬಡಿಗೆ. ಸಾಮು ಮಾಡುವಾಗ, ಅಂದರೆ ಗರಡಿಯ ಕಸರತ್ತು ಮಾಡುವಾಗ, ಯಾವನಾದರೂ ದಣಿದು ಕೂತರೆ ಆ ಬಡಿಗೆ ಅವನ ಮೀನಖಂಡದ ಮೇಲೆ ಬೀಳುತ್ತಿತ್ತು. "ಉಸಿರು ಬಿಗಿಹಿಡಿಲೇ! ಸತ್ತರೂ ಕೂಡ್ರಬ್ಯಾಡ!" ಅನ್ನುವ ಅವನ ಕೂಗು ಸಂತೆಯ ತನಕ ಕೇಳುತ್ತಿತ್ತು. ಗರಡಿಯೊಳಗೆ ಹೆಣ್ಣು ಕಾಲಿಡುವ ಹಾಗಿಲ್ಲ. ಸಣ್ಣವಳಿದ್ದಾಗ ಕಿಟಕಿಯಿಂದ ಇಣುಕಿದ್ದಕ್ಕೆ ನನಗೂ ಆ ಬಡಿಗೆಯ ರುಚಿ ಸಿಕ್ಕಿತ್ತು.

ಒದ್ದ ಸುದ್ದಿ ಮುಟ್ಟಿದ ದಿನವೇ ಅಪ್ಪ ಕೊಟ್ಟೂರಿಗೆ ಬಂದ. ಅಳಿಯನ ಜೊತೆ ಮಾತಾಡಲಿಲ್ಲ. ಬೀದಿಯಲ್ಲೇ ನಿಲ್ಲಿಸಿ ಕಪಾಳಕ್ಕೆ ಬಾರಿಸಿದ. ಅವನು ಎದುರಿನ ಮಂಡಕ್ಕಿ ಅಂಗಡಿಯ ಚೀಲಗಳ ಮೇಲೆ ಹೋಗಿ ಬಿದ್ದ, ಮಂಡಕ್ಕಿ ಬೀದಿಯ ತುಂಬ ಚೆಲ್ಲಿತು. "ನನ ಮಗಳು ನಿನ್ನ ಕಾಲ ಕೆಳಗಿನ ಕಸ ಅಲ್ಲೋ ಭಾಡ್ಯಾ!" ಅಂದವನೇ ನನ್ನ ರಟ್ಟೆ ಹಿಡಿದು ಬಸ್ ನಿಲ್ದಾಣದ ಕಡೆ ಎಳೆದುಕೊಂಡು ಹೊರಟ. ಎಳೆದ ಜೋರಿಗೆ ನನಗೆ ಮತ್ತೆ ಏದುಸಿರು ಹತ್ತಿತು. ಅದನ್ನೂ ಹೇಳಲಾಗಲಿಲ್ಲ.

ಊರಿನ ಡಾಕ್ಟರು ರಕ್ತ ಕಡಿಮೆ ಅಂದರು, ದಮ್ಮು ಅಂದರು, ಕೊನೆಗೆ ದಾವಣಗೆರೆಗೆ ಹೋಗಿ ಅಂದರು. ಅಲ್ಲಿ ಎದೆಗೆ ತಣ್ಣನೆಯ ಲೋಳೆ ಹಚ್ಚಿ ಯಂತ್ರದಲ್ಲಿ ನೋಡಿದರು. "ಪಲ್ಮನರಿ ಹೈಪರ್‌ಟೆನ್ಶನ್" ಅಂದರು ಅಲ್ಲಿನ ಹಿರಿಯ ಡಾಕ್ಟರು. ಮೈಗೆಲ್ಲ ಬರುವ ಬಿ.ಪಿ. ಬೇರೆ, ಇದು ಶ್ವಾಸಕೋಶದ ರಕ್ತನಾಳಗಳಲ್ಲಿ ಮಾತ್ರ ಏರುವ ಒತ್ತಡವಂತೆ. ನಾಳ ಇಕ್ಕಟ್ಟಾಗಿ, ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋತಿದೆಯಂತೆ. "ಪೂರ್ತಿ ಗುಣ ಆಗೋ ಕಾಯಿಲೆ ಅಲ್ಲ. ಮಾತ್ರೆ ತಪ್ಪಿಸಂಗಿಲ್ಲ. ಬಸಿರಾದ್ರೆ ಜೀವಕ್ಕೇ ಅಪಾಯ, ಅದು ನೆನಪಿರಲಿ. ಹಂಗಂತ ಹಾಸಿಗೆ ಹಿಡಿಸಬ್ಯಾಡ್ರಿ. ಅಳೆದು ತೂಗಿ ವ್ಯಾಯಾಮ ಮಾಡ್ಸಿದ್ರೆ ಈ ಮೈ ಇನ್ನೂ ಸ್ವಲ್ಪ ಗಟ್ಟಿ ಆಗುತ್ತೆ. ಪಕ್ಕದ ಕೋಣೆಯಲ್ಲಿ ಅದನ್ನ ಕಲಿಸೋ ಮೇಡಂ ಇದಾರೆ, ನೋಡ್ಕೊಂಡು ಹೋಗ್ರಿ" ಅಂದರು.

ನಾಳ, ಒತ್ತಡ, ಬಲಭಾಗ ಯಾವುದೂ ಅಪ್ಪನ ತಲೆಗೆ ಇಳಿಯಲಿಲ್ಲ. ವ್ಯಾಯಾಮ ಅಂದೊಡನೆ ಅವನ ಮುಖ ಅರಳಿತು. ಆ ಪಕ್ಕದ ಕೋಣೆಯ ಬಾಗಿಲಲ್ಲಿ ಇಣುಕಿದ. ಒಳಗೆ ಕಡ್ಡಿಯಂಥ ಒಬ್ಬ ಹುಡುಗಿ ಬಿಳಿ ಕೋಟು ಹಾಕಿಕೊಂಡು ಕೂತಿದ್ದಳು. ಅಪ್ಪ ಮೀಸೆಯಲ್ಲೇ ನಕ್ಕ.

"ಈ ಕೂಸು ನಮಗ ಸಾಮು ಕಲಿಸ್ತೈತೇನು? ನಡಿ, ಬಸ್ ಬರ್ತೈತಿ."

ಅಷ್ಟೇ. ಆ ಬಾಗಿಲು ದಾಟದೆ ಬಂದುಬಿಟ್ಟೆವು. ಜಿಲ್ಲೆಯ ಪೈಲ್ವಾನರನ್ನೆಲ್ಲ ತಯಾರು ಮಾಡಿದ ಉಸ್ತಾದನಿಗೆ ಬೇರೆಯವರು ವ್ಯಾಯಾಮ ಹೇಳಿಕೊಡುವುದೇ? ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ನನಗಂತೂ ಒಳಗೊಳಗೇ ಹಬ್ಬ. ಕಿಟಕಿಯಲ್ಲಿ ಇಣುಕಿದ್ದಕ್ಕೆ ಹೊಡೆದವನು ಈಗ ತಾನಾಗೇ ನನಗೆ ಸಾಮು ಕಲಿಸುತ್ತೇನೆ ಅನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಅಪ್ಪ ಗರಡಿಯಿಂದ ಒಂದು ಪುಟ್ಟಿ ತುಂಬ ಕೆಮ್ಮಣ್ಣು ತಂದ. ಎಣ್ಣೆ, ಅರಿಶಿನ, ಮಜ್ಜಿಗೆ ಕುಡಿದು ಹದವಾದ ಮಣ್ಣು ಅದು. ಹಿತ್ತಿಲಲ್ಲಿ ನನ್ನನ್ನು ನಿಲ್ಲಿಸಿ ತೋಳಿಗೆ, ಕುತ್ತಿಗೆಗೆ ಹಚ್ಚಿದ. ಸೀರೆಗೆ ಕಚ್ಚೆ ಹಾಕಿಕೊಂಡೆ. "ಬಸ್ಕಿ ಹೊಡಿ" ಅಂದ. ಕೂರುವುದು, ಏಳುವುದು. "ಉಸಿರು ಒಳಗ ಹಿಡಿ. ಬಿಟ್ಟರ ಶಕ್ತಿ ಹೋಗತೈತಿ." ಹಿಡಿದೆ. ಕೂತೆ, ಎದ್ದೆ. ಕಿವಿಯಲ್ಲಿ ಗುಂಯ್ ಅಂತು. ಹಿತ್ತಿಲ ಬೇವಿನಮರ ಕಪ್ಪಗಾಗುತ್ತಾ ಬಂತು. ಕುಸಿದು ಕೂತೆ. ಬಡಿಗೆ ಬಿತ್ತು, ಛಟ್ಟನೆ, ಮೀನಖಂಡಕ್ಕೆ.

"ಏಳ್ಲೇ! ಗಂಡನ ಮನ್ಯಾಗ ಕುಂತು ಕುಂತು ಮೈ ಮೆತ್ತಗ ಮಾಡ್ಕೊಂಡಿ."

ಎದ್ದೆ. ಸಿಟ್ಟಿನಿಂದ ಎದ್ದೆ. ಅವನಿಗೆ ತೋರಿಸಬೇಕಿತ್ತು ನನಗೆ. ಮತ್ತೆ ಉಸಿರು ಕಟ್ಟಿದೆ. ದಿನಾ ಇದೇ ಆಯಿತು. ತುಟಿ ನೀಲಿಯಾಗಿದೆ ಅಂತ ಪಕ್ಕದ ಮನೆಯವಳು ಗೋಡೆ ಮೇಲಿಂದ ಕೂಗಿ ಹೇಳಿದರೆ ಇಬ್ಬರೂ ಸೇರಿ ಅವಳ ಮೇಲೆಯೇ ಹಾರಿಬಿದ್ದೆವು. ಒಂದು ದಿನ ಅಪ್ಪ ಗುಂಡುಕಲ್ಲು ಉರುಳಿಸಿಕೊಂಡು ಬಂದ. ಎತ್ತು ಅಂದ. ಬಗ್ಗಿ, ಉಸಿರು ಕಟ್ಟಿ, ಕಲ್ಲನ್ನು ಮೊಣಕಾಲ ತನಕ ತಂದದ್ದು ನೆನಪಿದೆ. ಆಮೇಲೆ ನೆನಪಿಲ್ಲ. ಒರಳಿನ ಅಂಚಿಗೆ ನನ್ನ ತಲೆ ಬಡಿದು ರಕ್ತ ಹಿತ್ತಿಲ ಕಲ್ಲಿನ ಮೇಲೆಲ್ಲ ಹರಿದಿತ್ತಂತೆ. ಅಪ್ಪ ಮೊದಲು ಒಂದೇಟು ಹಾಕಿದನಂತೆ, ನಾಟಕ ಅಂದುಕೊಂಡು. ನಾನು ಅಲುಗದಿದ್ದಾಗ ಬಡಿಗೆ ಬಿಸಾಡಿ, ನನ್ನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದನಂತೆ. ನಿಲ್ಲಿಸದೆ ಹೋಗುತ್ತಿದ್ದ ಜೀಪಿನ ಕನ್ನಡಿಗೆ ಕಲ್ಲು ಬೀಸಿ ಒಡೆದು, ಡ್ರೈವರನ ಕೊರಳಪಟ್ಟಿ ಹಿಡಿದು, ಅದೇ ಜೀಪಿನಲ್ಲಿ ಹರಪನಹಳ್ಳಿ ಮೇಲೆ ದಾವಣಗೆರೆಗೆ ಹೊಡೆಸಿದನಂತೆ. ಹಿಂದೆ ಕೂತು ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ ಅಂತ ಆ ಡ್ರೈವರನೇ ಆಮೇಲೆ ಹೇಳಿದ.

ಕಣ್ಣು ಬಿಟ್ಟಾಗ ಆ ಕಡ್ಡಿಯಂಥ ಹುಡುಗಿ ಅಪ್ಪನ ಎದೆಯೆತ್ತರಕ್ಕೆ ನಿಂತು ಅವನನ್ನು ಹರಿದು ತಿನ್ನುತ್ತಿದ್ದಳು.

"ಮಗಳನ್ನ ಕೊಲ್ತಿದ್ರಲ್ರೀ! ಉಸಿರು ಕಟ್ಟಿಸಿ ಕಲ್ಲು ಎತ್ತಿಸ್ತಾರೇನ್ರಿ ಯಾರಾದ್ರೂ? ಮೊದ್ಲೇ ನಾಳ ಇಕ್ಕಟ್ಟು, ಮೇಲೆ ಉಸಿರು ಕಟ್ಟಿದ್ರೆ ತಲೆಗೆ ರಕ್ತ ಹೋಗೋದೇ ನಿಲ್ಲುತ್ತೆ. ಅವತ್ತು ನನ್ನ ಬಾಗ್ಲಿಗೆ ಬಂದು ನಕ್ಕು ಹೋದ್ರಿ. ನೋಡಿದೀನಿ ನಾನು."

ಅಪ್ಪನಿಗೆ ಎದುರು ಮಾತಾಡಿದ ಗಂಡಸನ್ನೂ ನಾನು ಕಂಡಿರಲಿಲ್ಲ. ಅವನ ಕೈ ಮುಷ್ಟಿಯಾಯಿತು, ಬಿಚ್ಚಿತು. "ಏನ್ ಮಾಡ್ಬೇಕು ಹೇಳವ್ವ" ಅಂದ. ದನಿ ನಡುಗಿತು. ನನಗೆ ಅವನ ಮೇಲೆ ಕೋಪ ಎಷ್ಟಿತ್ತೆಂದರೆ ಆ ನಡುಕ ಕೇಳಿ ಖುಷಿಯಾಯಿತು.

ನಾನು ಎದ್ದು ಓಡಾಡುವಂತಾದ ಮೇಲೆ ಅವಳು ಆಸ್ಪತ್ರೆಯ ಮೊಗಸಾಲೆಯಲ್ಲೇ ನನ್ನನ್ನು ನಡೆಸಿ, ಬೆರಳಿಗೆ ಒಂದು ಯಂತ್ರ ಸಿಕ್ಕಿಸಿ ನೋಡುತ್ತಾ ಹೇಳಿಕೊಟ್ಟಳು. ಸಪಾಟು ನೆಲದಲ್ಲಿ ನಿಧಾನವಾಗಿ ನಡೆಯಬೇಕು. ಬಗ್ಗಿ ಏಳುವುದು, ಭಾರ ಎತ್ತುವುದು ಇಲ್ಲ. ಉಸಿರು ಎಂದೂ ಹಿಡಿಯಬಾರದು, ಕುರ್ಚಿಯಿಂದ ಏಳುವಾಗ ಕೂಡ ಬಿಡುತ್ತಲೇ ಏಳಬೇಕು. ನಡೆಯುವಾಗ ಮಾತಾಡುತ್ತಿರಬೇಕು, ಒಂದು ಮಾತು ನಡುವೆ ತುಂಡಾಯಿತು ಅಂದರೆ ಆ ಕ್ಷಣ ನಿಲ್ಲಬೇಕು. ಸುಧಾರಿಸಿಕೊಂಡು ಮತ್ತೆ ನಡೆಯಬೇಕು. ತಲೆ ತಿರುಗಿದರೆ, ಎದೆ ಹಿಡಿದರೆ ಆ ದಿನದ್ದು ಮುಗಿಯಿತು. ಆಗಾಗ ಬಂದು ತೋರಿಸಬೇಕು.

"ಸೋಲೋದಕ್ಕಿಂತ ಮೊದ್ಲ ನಿಲ್ಲಬೇಕಾ?" ಅಪ್ಪ ಕೇಳಿದ.

"ಹೌದ್ರಿ. ಸೋಲೋದಕ್ಕಿಂತ ಮೊದ್ಲು."

"ಅದ್ಯಾವ ಸೀಮಿ ಸಾಮು" ಅಂತ ಗೊಣಗಿದ. ಆದರೆ ಬರುವಾಗ ಬಸ್ಸಿನಲ್ಲಿ ಅದನ್ನೇ ಪಾಠ ಒಪ್ಪಿಸುವವನಂತೆ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದ.

ನಮ್ಮೂರಲ್ಲಿ ಸಪಾಟು ನೆಲ ಅಂದರೆ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು. ಆ ವರ್ಷಗಳಲ್ಲಿ ಅಲ್ಲಿ ಜನ ಹತ್ತುವ ರೈಲು ಬರುತ್ತಲೇ ಇರಲಿಲ್ಲ. ಉದ್ದಕ್ಕೆ ಖಾಲಿ ನೆಲ, ಕಲ್ಲುಬೆಂಚು, ದೀಪದ ಕಂಬ. ಸಂಜೆ ಬಿಸಿಲು ಇಳಿದ ಮೇಲೆ ಅಪ್ಪ ಬಡಿಗೆ ಹಿಡಿದು ನನ್ನ ಪಕ್ಕ ನಡೆಯತೊಡಗಿದ. "ಮಾತಾಡು" ಅಂದ. ನಾನು ಮಾತಾಡಲಿಲ್ಲ. ತಲೆಯ ಹೊಲಿಗೆ ಇನ್ನೂ ಉರಿಯುತ್ತಿತ್ತು. ಅವನ ಜೊತೆ ಮಾತು ಬಿಟ್ಟು ಎಷ್ಟೋ ದಿನವಾಗಿತ್ತು.

"ಮಾತಾಡ್ಲೇ. ಇಲ್ಲಂದ್ರ ನಿನ್ನ ಉಸಿರು ನನಗ ಹೆಂಗ ತಿಳಿಬೇಕು?"

"ನಿನ್ನ ಜೊತಿ ಏನೈತಿ ಮಾತು?"

"ಹಂಗಾರ ಬೈ" ಅಂದ. "ನನಗ ಬೈ. ಬೈಯಾಕ ನಿನಗ ಯಾರೂ ಕಲಿಸಬೇಕಿಲ್ಲ."

ನಾನು ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಆಗ ಶುರು ಮಾಡಿದೆ ನೋಡಿ. "ನಿನ್ನ ಕೈ ಸೇದಿಹೋಗ! ಆ ಬಡಿಗಿ ಹಿಡಿದ ಕೈಗೆ ಹುಳ ಬೀಳ! ನಿನ್ನ ಹೆಣ ಎತ್ತ! ನಿನ್ನ ಗರಡಿಮನಿ..." ಅಲ್ಲಿಗೆ ಉಸಿರು ತುಂಡಾಯಿತು. ಬಡಿಗೆ ನನ್ನ ಕಾಲಿನ ಮುಂದೆ ಅಡ್ಡ ಬಂದು ನಿಂತಿತು, ಮೈಗೆ ತಾಕದೆ.

"ನಿಲ್ಲು. ಕೂಡ್ರು."

ಕೂತೆ. ಉಸಿರು ಬಂತು. "...ನಿನ್ನ ಗರಡಿಮನಿಗೆ ಬೆಂಕಿ ಬೀಳ!" ಅಂತ ಬೈಗುಳ ಪೂರ್ತಿ ಮಾಡಿಯೇ ಎದ್ದೆ.

ಅಂದಿನಿಂದ ನಮ್ಮ ವ್ಯಾಯಾಮ ಇದೇ. ಪ್ರತಿ ಸಂಜೆ "ನಿನ್ನ ಹೆಣ ಎತ್ತ" ಅಂತಲೇ ಆರಂಭ, ಅದು ನಮಗೆ ಗಣಪತಿ ಪೂಜೆ ಇದ್ದ ಹಾಗೆ. ಬೈಗುಳ ಸರಾಗವಾಗಿ ಬಂದರೆ ನಡಿ, ಮುರಿದರೆ ನಿಲ್ಲು. ಮೊದಮೊದಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗುವಷ್ಟರಲ್ಲಿ ಬರೀ "ಮೂಳ", "ಹಾಳಾದವನ" ಅಷ್ಟೇ ಹೊರಡುತ್ತಿದ್ದವು. ತಿಂಗಳು ಕಳೆದಂತೆ ಬೈಗುಳ ಉದ್ದವಾದವು. ಅಪ್ಪನ ಮೀಸೆ, ಅಪ್ಪನ ಲಂಗೋಟಿ, ಅಪ್ಪನ ವಂಶ ಎಲ್ಲಕ್ಕೂ ಬೈದೆ. ಒಮ್ಮೆ ಅವನ ಮಕ್ಕಳು ಮರಿ ಹಾಳಾಗಿ ಹೋಗಲಿ ಅಂತ ಜೋರಾಗಿ ಬೈದ ಮೇಲೆ ಆ ಮಗಳು ನಾನೇ ಅಂತ ಹೊಳೆಯಿತು. ಅಪ್ಪ ಬಡಿಗೆ ಊರಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಹೊತ್ತಿಗೆ ನಾನು ಅವನನ್ನು ಕ್ಷಮಿಸಿದ್ದೆ ಅಂತ ಕಾಣುತ್ತದೆ. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಊರು ಸುಮ್ಮನಿರುತ್ತದೆಯೇ? ಉಸ್ತಾದನ ಮಗಳಿಗೆ ಹುಚ್ಚು ಹಿಡಿದಿದೆ ಅಂದರು. ಗರಡಿಯ ಹುಡುಗರು ಮಾತ್ರ ಬೆರಗಾಗಿದ್ದರು. ತಮ್ಮನ್ನು ಸತ್ತರೂ ಕೂರಬೇಡ ಅನ್ನುವವನು ಮಗಳಿಗೆ ಗಳಿಗೆಗೊಮ್ಮೆ ನಿಲ್ಲು ಅನ್ನುವುದನ್ನು ಅವರು ಗೂಡ್ಸ್ ಶೆಡ್ಡಿನ ಮರೆಯಿಂದ ನೋಡುತ್ತಿದ್ದರು. ಸುದ್ದಿ ಕೊಟ್ಟೂರನ್ನೂ ಮುಟ್ಟಿತು. ಹೆಂಡತಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆಯುತ್ತಾಳಂತೆ, ಗುಣವಾಗಿದ್ದಾಳಂತೆ ಅಂತ ಕೇಳಿ ಒಂದು ಸಂಜೆ ನನ್ನ ಗಂಡ ತನ್ನ ಅಣ್ಣನನ್ನು ಕರೆದುಕೊಂಡು ನೇರ ಅಲ್ಲಿಗೇ ಬಂದ.

"ಮೈ ನೆಟ್ಟಗಾಗೈತಲ್ಲ, ನಡಿ ಮನಿಗೆ. ನಮ್ಮವ್ವ ಮೊಮ್ಮಗನ ಮುಖ ನೋಡ್ಬೇಕಂತಾಳ" ಅಂದ.

"ಹಡಿಯಾಕ ಹೋದ್ರ ಸಾಯ್ತೀನಂತ ಡಾಕ್ಟರು ಹೇಳ್ಯಾರ" ಅಂದೆ.

"ಹಡಿಲಾರದಾಕಿ ಇದ್ದರೇನು ಸತ್ತರೇನು" ಅಂದು ಅವನು ನನ್ನ ಜಡೆಗೆ ಕೈ ಹಾಕಿದ.

ಅಪ್ಪ ಅವನ ಸೊಂಟ ಹಿಡಿದು ಎತ್ತಿ ನೆಲಕ್ಕೆ ಅಪ್ಪಳಿಸಿದ. ಎಪ್ಪತ್ತರ ಹತ್ತಿರದ ಮುದುಕ! ಆದರೆ ಗಂಡನ ಅಣ್ಣ ಹಳಿಯ ಪಕ್ಕದಿಂದ ಜಲ್ಲಿಕಲ್ಲು ಎತ್ತಿಕೊಂಡು ಹಿಂದಿನಿಂದ ಬಂದ. ಮೊದಲ ಪೆಟ್ಟು ಅಪ್ಪನ ತಲೆಗೆ. ಅಪ್ಪ ಮಗ್ಗುಲಾಗಿ ಉರುಳಿದ. ಎರಡನೆಯದು ಮಂಡಿಯ ಚಿಪ್ಪಿಗೇ. ಮುರಿದ ಸದ್ದು ನನಗೆ ಕೇಳಿತು. ಕೆಳಗೆ ಬಿದ್ದಿದ್ದ ಅಪ್ಪನ ಬಡಿಗೆಯನ್ನು ನಾನು ಎತ್ತಿಕೊಂಡೆ.

ಜೋರು ಹಾಕುವಾಗ ಉಸಿರು ಬಿಡು ಅಂದಿದ್ದಳಲ್ಲ ಆ ಹುಡುಗಿ. ಒಂದೊಂದು ಪೆಟ್ಟಿಗೂ ಒಂದೊಂದು ಬೈಗುಳ ಬಿಟ್ಟೆ. "ನಿನ್ನ ಕೈ ಸೇದಿಹೋಗ!" ಅಣ್ಣನ ಮುಂಗೈ ಮುರಿದು ಕಲ್ಲು ಕೆಳಗೆ ಬಿತ್ತು. "ನಿನ್ನ ಚಟ್ಟ ಕಟ್ಟ!" ಕಿವಿಯ ಮೇಲೆ ಕೊಟ್ಟೆ, ಅವನು ಹಳಿ ದಾಟಿ ಓಡಿದ. ಆಮೇಲೆ ಗಂಡನ ಕಡೆ ತಿರುಗಿದೆ. ಅವನು ಬಿದ್ದಲ್ಲಿಂದ ಏಳಲು ಹೆಣಗುತ್ತಿದ್ದ. ಮೆಟ್ಟಿಲ ಬುಡದಲ್ಲಿ ನಾನು ಬಾಯಿ ಆಡಿಸಿದ ಹಾಗೆಯೇ ಈಗ ಅವನು ಬಾಯಿ ಆಡಿಸುತ್ತಿದ್ದ. ಬೆನ್ನಿಗೆ ಹೊಡೆದೆ. ಭುಜಕ್ಕೆ ಹೊಡೆದೆ. ಬಡಿಗೆಯನ್ನು ಅವನ ನೆತ್ತಿಗೆ ಗುರಿಯಿಟ್ಟು ಎತ್ತಿದೆ. ಕೊಂದುಹಾಕಬೇಕು ಅಂತಲೇ ಎತ್ತಿದ್ದು. ಬೇರೆ ಯಾವ ನೆಪವೂ ಇಲ್ಲ. "ನಿನ್ನ ಹೆಣ..." ಅಂದೆ.

ತುಂಡಾಯಿತು.

"ನಿಲ್ಲು" ಅಂದ ಅಪ್ಪ.

ಅವನ ಮುಖದ ತುಂಬ ರಕ್ತ, ಒಂದು ಕಣ್ಣು ಮುಚ್ಚಿತ್ತು. ಕಾಲು ಸೊಟ್ಟಗೆ ಬಿದ್ದಿತ್ತು. ಅವನು ನನ್ನ ಗಂಡನನ್ನು ನೋಡುತ್ತಿರಲಿಲ್ಲ. ನನ್ನ ತುಟಿಯನ್ನೇ ನೋಡುತ್ತಿದ್ದ. "ನಿಲ್ಲವ್ವ. ಸಾಕು. ಕೂಡ್ರು."

ಎತ್ತಿದ ಬಡಿಗೆ ಇಳಿಸಲು ಎಷ್ಟು ಕಷ್ಟವಾಯಿತೋ ನನಗೇ ಗೊತ್ತು. ಇಳಿಸಿದೆ. ಕಲ್ಲುಬೆಂಚಿನ ಮೇಲೆ ಕೂತೆ. ಗಂಡ ತೆವಳಿಕೊಂಡು, ಆಮೇಲೆ ಕುಂಟಿಕೊಂಡು ಹೋದ. ಮತ್ತೆ ಬರಲಿಲ್ಲ. ಗರಡಿಯ ಹುಡುಗರು ಓಡಿಬಂದು ಅಪ್ಪನನ್ನು ಎತ್ತಿಕೊಂಡರು.

ಆ ಮಂಡಿ ಮತ್ತೆ ಮಡಚಲಿಲ್ಲ. ಅಪ್ಪ ಗರಡಿಗೆ ಹೋಗುವುದು ನಿಂತಿತು. ಆದರೆ ಪ್ರತಿ ಸಂಜೆ ಹುಡುಗರು ಅವನನ್ನು ಸೈಕಲ್ ಮೇಲೆ ಕೂರಿಸಿ ತಂದು ಕಲ್ಲುಬೆಂಚಿಗೆ ಇಳಿಸುತ್ತಿದ್ದರು. ನಾನು ಬೈಯುತ್ತಾ ಹೋಗುವುದು, ಬೈಯುತ್ತಾ ಬರುವುದು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ದೂರದಲ್ಲಿ ನನ್ನ ಮಾತು ಮುರಿದರೆ ಬಡಿಗೆಯಿಂದ ಬೆಂಚಿಗೆ ಕುಟ್ಟುತ್ತಿದ್ದ. ಅಷ್ಟು ದೂರದಿಂದ ಅದು ಹೇಗೆ ಕೇಳುತ್ತಿತ್ತೋ ಆ ಕಿವಿಗೆ! ದಾವಣಗೆರೆಯ ಹುಡುಗಿ ಪ್ರತಿ ಸಲ ನಡೆಸಿ ನೋಡಿ, ಹೋದ ಸಲಕ್ಕಿಂತ ದೂರ ಹೋಗಿದ್ದೀರಿ ಅನ್ನುತ್ತಿದ್ದಳು. ಕಾಯಿಲೆ ಹೋಗಿರಲಿಲ್ಲ, ಅದು ಹೋಗುವುದಿಲ್ಲ. ಅದರ ಜೊತೆ ಎಷ್ಟು ದೂರ ನಡೆಯಬಹುದು ಅನ್ನುವುದು ಗೊತ್ತಾಗಿತ್ತು.

ಮುಂದೆ ಒಂದು ಚಳಿಗಾಲದಲ್ಲಿ ಅಪ್ಪ ಜ್ವರ ಬಂದು, ಕಫ ಕಟ್ಟಿ, ಉಸಿರಿಗೆ ಒದ್ದಾಡಿ ಸತ್ತ. ನನ್ನ ಕೈ ಹಿಡಿದೇ ಸತ್ತ. ಆ ಒದ್ದಾಟ ಏನೆಂದು ಅಲ್ಲಿ ನೆರೆದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಸುಡುಗಾಡು ಊರಾಚೆ, ನನ್ನ ಪ್ಲಾಟ್‌ಫಾರ್ಮಿಗಿಂತ ಬಹಳ ದೂರ. ಹೆಂಗಸರು ಬರುವುದು ಬೇಡ, ಅದರಲ್ಲೂ ನೀನು ಬೇಡ, ದಾರಿಯಲ್ಲೇ ಬೀಳುತ್ತೀ ಅಂದರು ಹಿರಿಯರು. "ಯಾವನು ತಡಿತೀರಿ ಬರ್ರಿ ನೋಡೋಣ" ಅಂದೆ. ಬಡಿಗೆ ನನ್ನ ಕೈಯಲ್ಲಿತ್ತು. ಯಾರೂ ಬರಲಿಲ್ಲ. ಗರಡಿಯ ಹುಡುಗರು ಚಟ್ಟಕ್ಕೆ ಹೆಗಲು ಕೊಟ್ಟರು. ನಾನು ಹಿಂದೆ ಹೊರಟೆ. ನಡೆಯಬೇಕಾದರೆ ಬೈಯಬೇಕಲ್ಲ. ರೂಢಿಯಂತೆ "ನಿನ್ನ ಹೆಣ..." ಅಂತ ಬಾಯಿ ತೆರೆದೆ. ಮುಂದೆ ಅವರು ಅದನ್ನೇ ಹೊತ್ತು ಹೋಗುತ್ತಿದ್ದರು. ದಿನಾ ಸಂಜೆ ನಾನು ಬೇಡಿದ್ದನ್ನೇ ಕಣ್ಣೆದುರಿಗೆ ಎತ್ತಿಕೊಂಡು ಹೊರಟಿದ್ದರು. ಆ ಬೈಗುಳ ಅಲ್ಲಿಗೇ ಬಿಟ್ಟೆ. ಇನ್ನೊಂದು ಹುಡುಕಿದೆ. "ಲೇ ಮುದುಕಾ! ಸತ್ತರೂ ಕೂಡ್ರಬ್ಯಾಡ ಅಂತಿದ್ದೆಲ್ಲೋ! ಈಗ ಮಲಗಿ ಹೊಂಟೀಯಲ್ಲೋ! ನಾಳಿಂದ ಯಾರಿಗೆ ಬೈಲೋ ನಾನು!" ಜನ ಮಗಳು ಹಾಡಿಕೊಂಡು ಅಳುತ್ತಿದ್ದಾಳೆ ಅಂದುಕೊಂಡರು. ನಾನು ಉಸಿರು ನೋಡಿಕೊಳ್ಳುತ್ತಿದ್ದೆ. ಅಳುತ್ತಲೂ ಇದ್ದೆ.

ಹಳ್ಳದ ಹತ್ತಿರ ಮಾತು ಮುರಿಯಿತು. ಬೆಂಚು ಕುಟ್ಟುವ ಸದ್ದಿಗೆ ಕಿವಿ ಕಾದವು. ಬರಲಿಲ್ಲ. ಚಟ್ಟ ಮುಂದೆ ಹೋಗುತ್ತಿತ್ತು. ಓಡಿಹೋಗಿ ಹಿಡಿಯಬೇಕು ಅನ್ನಿಸಿತು, ಬಿದ್ದು ಸತ್ತರೂ ಸರಿ ಅನ್ನಿಸಿತು. ಕಾಲು ಮುಂದೆ ಹೋಯಿತು. ಆ ಕಾಲಿನ ಮುಂದೆ ನಾನೇ ಬಡಿಗೆ ಅಡ್ಡ ಊರಿದೆ.

"ನಿಲ್ಲು!" ಅಂದೆ, ನನಗೆ ನಾನೇ. ಇದ್ದ ಉಸಿರನ್ನೆಲ್ಲ ಅದಕ್ಕೇ ಹಾಕಿದ್ದೆ. ದನಿ ಅಪ್ಪನದೇ ಇತ್ತು.

ಚಟ್ಟ ಹೊತ್ತ ಹುಡುಗರೆಲ್ಲ ಒಮ್ಮೆಗೇ ನಿಂತರು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಹೆಗಲ ಮೇಲೆ ಅಪ್ಪನನ್ನು ಹೊತ್ತುಕೊಂಡೇ ನೆಟ್ಟಗೆ ನಿಂತರು. ನಾನು ಹಳ್ಳದ ದಂಡೆಯ ಕಲ್ಲಿನ ಮೇಲೆ ಕೂತೆ. ಜನ ಗುಸುಗುಸು ಅಂದರು, ಹೊತ್ತಾಯಿತು ಅಂದರು. ಹುಡುಗರು ಅಲುಗಲಿಲ್ಲ. ಉಸಿರು ಬರುವ ತನಕ ಕೂತಿದ್ದೆ. ಬಂತು. ಎದ್ದೆ, ಬಿಡುತ್ತಲೇ ಎದ್ದೆ.

"ನಡೀರಿ" ಅಂದೆ. ಮತ್ತೆ ಅಪ್ಪನನ್ನು ಬೈಯುತ್ತಾ ಅವರ ಹಿಂದೆ ನಡೆದೆ.